ಮಾಮಾ ಆರಿಸಿದ ಮಿಸ್ತ್ರಿ

ನಮ್ಮ ಮಾಮಾ ತೀರಿಕೊಂಡ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿದೆ. ಮನೆಯವರು ಯಾರೂ ತಿಳಿಸಲಿಲ್ಲವೆಂಬ ಬೇಸರವೇನೂ ಇಲ್ಲ. ತಿಳಿಸಿದ್ದರೆ ಹೋಗಬೇಕಾಗುತ್ತಿತ್ತು. ಸುದ್ದಿಯ ಜೊತೆಗೆ ಒಂದು ಹಳೆಯ ಫೋಟೋ ಹಾಕಿದ್ದರು: ತಲೆಗೆ ಚರ್ಮದ ಟೊಪ್ಪಿಗೆ, ಹಣೆಯ ಮೇಲೆ ಎತ್ತಿಟ್ಟುಕೊಂಡ ದಪ್ಪ ಕನ್ನಡಕ, ಬಲಗೈ ವಿಮಾನದ ರೆಕ್ಕೆಯ ಮೇಲೆ. ಕೆಳಗೆ ‘ನಮ್ಮ ಭಾಗದ ಧೀರ ವೈಮಾನಿಕ’ ಎಂದು ಅಚ್ಚಾಗಿತ್ತು. ಆಯುಷ್ಯವೆಲ್ಲ ಸಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಶಬ್ದವೊಂದು ತಪ್ಪು ಜಾಗದಲ್ಲಿ ಕೂತಿದ್ದು ಕಂಡರೆ ಈಗಲೂ ಕೈ ಕೆಂಪು ಶಾಯಿಯ ಪೆನ್ನು ಹುಡುಕುತ್ತದೆ. ‘ಧೀರ’ ಎಂಬುದರ ಹತ್ತಿರ ಕಣ್ಣು ನಿಂತಿತು. ಆ ಒಂದು ಶಬ್ದದ ಸಲುವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅವರು ನನ್ನ ತಾಯಿಯ ಅಣ್ಣ. ಬಾಗಲಕೋಟೆಯಲ್ಲಿ ಹತ್ತಿ ಗಿರಣಿ, ದೊಡ್ಡ ವಾಡೆ, ಸುತ್ತ ಹೊಲಗಳು. ನನ್ನ ತಂದೆ ಹುನಗುಂದದಲ್ಲಿ ಪ್ರಾಥಮಿಕ ಸಾಲೆಯ ಮಾಸ್ತರರು. ಮುಂದಿನ ಓದಿಗೆಂದು ನನ್ನನ್ನು ಮಾಮಾನ ಮನೆಯಲ್ಲಿ ಬಿಟ್ಟರು. ಅಲ್ಲಿ ಮಾಮಿ ಇದ್ದಳು, ನನ್ನದೇ ವಯಸ್ಸಿನ ಅವರ ಮಗಳು ಸುಧಾ ಇದ್ದಳು. ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಪುಸ್ತಕದಲ್ಲಿ ಓದಿ ದೊಡ್ಡವರಾದೆವು. ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಲು ಊರ ಮಂದಿ ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಮಾಮಾ ನಮ್ಮಿಬ್ಬರನ್ನೂ ಕಳಿಸಿದರು. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೊದಲ ದಿವಸ ನಮ್ಮನ್ನು ಟಾಂಗಾದಲ್ಲಿ ಕೂರಿಸಿ, ಸೀದಾ ಹೋಗುವ ದಾರಿ ಬಿಟ್ಟು, ನಾಲ್ಕು ಮಂದಿ ನೋಡಲೆಂದು ಬಜಾರದ ಸುತ್ತು ಹಾಕಿಸಿದರು. ಅದನ್ನೂ ಹೇಳದಿದ್ದರೆ ಮತ್ತೊಂದು ಅನ್ಯಾಯ.

‘ಖರೆ ಹೇಳ್ರಿ’ ಎನ್ನುವುದು ಅವರ ಬಾಯಿಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ! ಹಾರ್ಮೋನಿಯಂ ನುಡಿಸಿ, “ಖರೆ ಹೇಳ್ರಿ, ಹ್ಯಾಂಗಿತ್ತು?” ಹೊಸ ಕೋಟು ತೊಟ್ಟು, “ಖರೆ ಹೇಳ್ರಿ, ಹ್ಯಾಂಗ ಕಾಣಸ್ತದ?” ಕೇಳುವಾಗ ಕಣ್ಣು ಅರ್ಧ ಮುಚ್ಚಿ, ತಲೆಯನ್ನು ತುಸು ಓರೆಯಾಗಿಸಿ ಕೂಡುತ್ತಿದ್ದರು, ಚಹಾ ಬರಲೆಂದು ಕಾಯುವವರ ಹಾಗೆ. ಹೊಗಳಿಕೆ ಬಂದರೆ ಕಣ್ಣು ಪೂರ್ತಿ ಮುಚ್ಚುತ್ತಿತ್ತು. ಬೇರೇನಾದರೂ ಬಂದರೆ ಎಲೆಯಡಿಕೆಯ ಡಬ್ಬಿಗೆ ಕೈಹಾಕಿ, ಅಡಿಕೆಯನ್ನು ಕಟಕಟ ಕತ್ತರಿಸತೊಡಗುತ್ತಿದ್ದರು. ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಮಾಮಲೇದಾರರಿದ್ದರು, ಮುದುಕರು, ಸಂಗೀತ ಬಲ್ಲವರು. ಒಮ್ಮೆ ಹಾರ್ಮೋನಿಯಂ ಕೇಳಿ, “ಕರೀ ಪಟ್ಟಿ ಮ್ಯಾಲೂ ಆಗಾಗ ಬೆರಳು ಇಡ್ರಿ, ಅವೂ ಪಾಪ ಅಲ್ಲೇ ಅವ” ಎಂದುಬಿಟ್ಟರು. ಅವರಿಗೆ ಆ ಮನೆಯ ಚಹಾ ಅಂದೇ ಕೊನೆಯದಾಯಿತು.

ಡಾಕ್ಟರರದೂ ಅದೇ ಕತೆ. ಸಕ್ಕರೆ ಕಾಯಿಲೆ ಶುರುವಾದಾಗ ಒಬ್ಬರು ಸಿಹಿ ಬಿಡಿ ಎಂದರು, ಅವರನ್ನೇ ಬಿಟ್ಟರು. ಮತ್ತೊಬ್ಬರು ನಡೆದಾಡಿ ಎಂದರು, ಅವರನ್ನೂ ಬಿಟ್ಟರು. ಮೂರನೆಯವರು, “ನಿಮ್ಮ ದೇಹಪ್ರಕೃತಿನ ಬ್ಯಾರೆ ಬಿಡ್ರಿ, ಕಬ್ಬಿಣ” ಎಂದರು. ಅವರು ಮನೆಯ ಡಾಕ್ಟರರಾದರು. ಮಾಮಿ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿದ್ದಳು. ಗಂಡ ಕೇಳುವುದಕ್ಕೂ ಮೊದಲೇ, ಬಾಗಿಲಲ್ಲಿ ಅವರ ನೆರಳು ಬಿದ್ದರೆ ಸಾಕು, “ಛಲೋ ಆಗ್ಯಾದ್ರಿ” ಎನ್ನುತ್ತಿದ್ದಳು. ಏನು ಛಲೋ ಆಗಿದೆಯೆಂದು ಆಕೆಗೂ ಗೊತ್ತಿರುತ್ತಿರಲಿಲ್ಲ.

ಇಂಥವರ ಕೈಗೆ ಒಂದು ವಿಮಾನ ಸಿಕ್ಕಿತು.

ಯುದ್ಧ ಮುಗಿದ ಮೇಲೆ ಸರಕಾರ ಬೇಡವಾದ ಸಣ್ಣ ವಿಮಾನಗಳನ್ನು ಮುಂಬಯಿಯಲ್ಲಿ ಹರಾಜಿಗೆ ಹಾಕಿತ್ತು. ಹತ್ತಿ ಮಾರಲು ಹೋದ ಮಾಮಾ ವಿಮಾನ ಕೊಂಡುಕೊಂಡರು. ಅಲ್ಲಿಯೇ ನಿಂತು ಹಾರಿಸುವುದನ್ನೂ ಕಲಿತು ಬಂದರು. ಮೂರು ಸೀಟಿನ ಚಿಕ್ಕ ವಿಮಾನ. ಮೈ ಕಬ್ಬಿಣದ ಕೊಳವೆಗಳದು, ರೆಕ್ಕೆಯ ಎಲುಬು ಕಟ್ಟಿಗೆಯದು, ಮೇಲೆ ಬಿಗಿಯಾಗಿ ಹೊದಿಸಿ ಬಣ್ಣ ಬಳಿದ ಬಟ್ಟೆ. ಬೇವೂರು ದಾರಿಯ ಕಡೆ ಅವರದೊಂದು ಗರಸು ನೆಲವಿತ್ತು, ಬೆಳೆ ಬಾರದ್ದು. ಅದನ್ನೇ ಸಮ ಮಾಡಿಸಿ, ಮಗ್ಗುಲಿಗೆ ತಗಡಿನ ಶೆಡ್ಡು ಕಟ್ಟಿಸಿದರು.

ಹಾರಿ ಇಳಿದ ಮೇಲೆ ಮಾಮಾ ಆ ಚರ್ಮದ ಟೊಪ್ಪಿಗೆಯನ್ನು ತೆಗೆಯುತ್ತಿರಲಿಲ್ಲ. ಹಾಗೆಯೇ ಬಜಾರಕ್ಕೆ ಹೋಗಿ, ಬೇಡದ ಕರವಸ್ತ್ರವನ್ನೋ ಗುಂಡಿಯನ್ನೋ ಚೌಕಾಸಿ ಮಾಡಿ ಕೊಳ್ಳುತ್ತಿದ್ದರು. ಸುಡು ಬೇಸಿಗೆಯಲ್ಲಿ ಬೆವರು ಕಿವಿಯಿಂದ ಇಳಿಯುತ್ತಿದ್ದರೂ ಟೊಪ್ಪಿಗೆ ತಲೆಯ ಮೇಲೆಯೇ ಇರುತ್ತಿತ್ತು. “ಈಗ ಮ್ಯಾಲಿಂದ ಬಂದ್ರೇನ್ರಿ?” ಎಂದು ಯಾರಾದರೂ ಕೇಳುವವರೆಗೆ ಅಂಗಡಿ ಬಿಟ್ಟು ಏಳುತ್ತಿರಲಿಲ್ಲ.

ಒಮ್ಮೆ ನನ್ನನ್ನೂ ಕೂರಿಸಿಕೊಂಡು ಹೋಗಿದ್ದರು. ಘಟಪ್ರಭೆ ಬಿಸಿಲಿನಲ್ಲಿ ಹೊಳೆಯುತ್ತ ಹೊಲಗಳ ನಡುವೆ ಬಳುಕಿಕೊಂಡು ಹೋಗುವುದನ್ನು ಮೇಲಿನಿಂದ ನೋಡಿದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಚೆಂದದ್ದನ್ನು ನಾನು ಕಂಡಿಲ್ಲ. ಆ ನೋಟ ಕೊಟ್ಟವರು ಅವರೇ. ಆದರೆ ಆ ಸೊಗಸಿನ ನಡುವೆಯೂ ಹಿಂದಕ್ಕೆ ತಿರುಗಿ, ಸಪ್ಪಳದಲ್ಲಿ ಒದರಿ ಕೇಳಿದ್ದು, “ಖರೆ ಹೇಳು, ನಾ ಹ್ಯಾಂಗ ಹಾರಸ್ಲಿಕ್ಕತ್ತೀನಿ?”

ಮನುಷ್ಯರಿಗಿಲ್ಲದ ಒಂದು ಕಟ್ಟಳೆ ವಿಮಾನಕ್ಕಿದೆ. ವರ್ಷಕ್ಕೊಮ್ಮೆ ಸರಕಾರದ ಪರವಾನಗಿಯುಳ್ಳ ಎಂಜಿನಿಯರೊಬ್ಬ ಬಂದು, ಬಿಚ್ಚಿ ನೋಡಿ, ಇದು ಹಾರಲು ಯೋಗ್ಯ ಎಂದು ಸಹಿ ಮಾಡಬೇಕು. ಇಲ್ಲವಾದರೆ ಹಾರಿಸುವಂತಿಲ್ಲ. ನಮ್ಮ ಮನೆಯಲ್ಲಿ ಎಂಜಿನಿಯರ್ ಎನ್ನುತ್ತಿರಲಿಲ್ಲ, ‘ಮಿಸ್ತ್ರಿ’ ಎನ್ನುತ್ತಿದ್ದರು. ಮೊದಲ ಕೆಲವು ವರ್ಷ ಬೆಳಗಾವಿಯಿಂದ ನಾಡಿಗೇರ ಎಂಬವರು ಬರುತ್ತಿದ್ದರು. ಮಿಸ್ತ್ರಿ ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಇಂಗ್ಲಿಷ್ ಬೈಗುಳಗಳಲ್ಲಿ ನುರಿತವರು, ಇಸ್ತ್ರಿ ಕೆಡದ ಬಿಳಿ ಪ್ಯಾಂಟು. ಚಹಾಕ್ಕೆ ತಮ್ಮದೇ ಕಪ್ಪು ತರುತ್ತಿದ್ದರು. ಪ್ರೀತಿ ಹುಟ್ಟಿಸುವ ಮನುಷ್ಯರಲ್ಲ. ಸುಧಾಳ ಕಸೂತಿ ನೋಡಿ, “ಈ ಗೋಪುರಾ ನಾಳೆ ಬೀಳ್ತದ” ಎಂದು ಅವಳನ್ನು ಅಳಿಸಿದ್ದರು. ಆದರೆ ವಿಮಾನದ ಹೊಟ್ಟೆಯೊಳಗೆ ತಲೆ ಹಾಕಿದರೆಂದರೆ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ.

ಏಕೀಕರಣದ ವರ್ಷ. ನಾವು ಮುಂಬಯಿ ರಾಜ್ಯ ಬಿಟ್ಟು ಕನ್ನಡದ ರಾಜ್ಯಕ್ಕೆ ಸೇರುವ ದಿನ ಹತ್ತಿರ ಬಂದಿತ್ತು. ಊರೂರಲ್ಲಿ ಮೆರವಣಿಗೆ, ಸಭೆಗಳ ತಯಾರಿ. ಮಾಮಾ ಈ ಚಳವಳಿಯಲ್ಲಿ ಒಂದು ದಿನವೂ ಬಿಸಿಲಿಗೆ ನಿಂತವರಲ್ಲ. ಆದರೆ ಆ ದಿವಸ ಬಾಗಲಕೋಟೆ, ಗುಳೇದಗುಡ್ಡ, ಬದಾಮಿಗಳ ಸಭೆಗಳ ಮೇಲೆ ವಿಮಾನದಿಂದ ಪುಷ್ಪವೃಷ್ಟಿ ಮಾಡಿಸುವುದಾಗಿ ಸಾರಿದರು. ಹೂ ಚೆಲ್ಲುವವಳು ಸುಧಾ. ಕಾಲೇಜಿನಲ್ಲೆಲ್ಲ ಇದೇ ಮಾತು.

ವಿಮಾನದ ವರ್ಷದ ಪರೀಕ್ಷೆಯೂ ಅದೇ ಹೊತ್ತಿಗೆ ಬಂತು. ನಾಡಿಗೇರರು ಬಂದರು, ನೋಡಿದರು. ಮಾಮಾನನ್ನು ಶೆಡ್ಡಿಗೆ ಕರೆಸಿದರು. ಸುಧಾ, ನಾನು ಹಿಂದೆ ಹೋದೆವು. ಅವರು ಎಡ ರೆಕ್ಕೆಯ ತುದಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಅಳ್ಳಾಡಿಸಿದರು. ರೆಕ್ಕೆ ಮೈಗೆ ಸೇರುವ ಕಡೆಯಿಂದ ‘ಕಿರ್‍’ ಎಂದು ಒಂದು ಸಪ್ಪಳ ಬಂತು.

“ಕೇಳಿಸ್ತೇನ್ರಿ?”

“ಹೊಸಾ ಬಾಗಲಾನೂ ಸಪ್ಪಳ ಮಾಡ್ತದ” ಎಂದರು ಮಾಮಾ.

“ಬಾಗಲಾ ಮುರದ್ರ ಮನಶಾ ಅಂಗಳದಾಗ ಬೀಳ್ತಾನ. ಇದು ಮುರದ್ರ ಎಲ್ಲೆ ಬೀಳ್ತೀರಿ? ಒಳಗಿನ ಕಟಗಿ ಅಂಟು ಬಿಟ್ಟದ. ಬ್ಯಾಸಿಗ್ಯಾಗ ಈ ತಗಡಿನ ಕೆಳಗ ಕುದೀತದ, ಮಳಿಗಾಲದಾಗ ನೆನೀತದ. ಬಟ್ಟಿ ಎಲ್ಲಾ ಬಿಚ್ಚಿ, ಕಟಗಿ ತಗದು ನೋಡಬೇಕು. ಎರಡು ತಿಂಗಳ ಕೆಲಸ.”

“ಎರಡು ತಿಂಗಳಂದ್ರ ನನ್ನ ಹೂವು?”

“ಹೂವು ಟಾಂಗಾದಾಗ ಕೂತು ಚೆಲ್ರಿ” ಎಂದರು ನಾಡಿಗೇರರು.

ಮಾಮಾ ಅಂದು ಇಡೀ ಸಂಜೆ ಅಡಿಕೆ ಕತ್ತರಿಸಿದರು. ಮರುದಿನ ಬೆಳಿಗ್ಗೆ ಇಲಕಲ್ಲಿನ ಒಬ್ಬ ಸೀರೆ ವ್ಯಾಪಾರಿಯ ಮೂಲಕ ಮತ್ತೊಬ್ಬ ಪರವಾನಗಿದಾರನ ಗೊತ್ತು ಹಚ್ಚಿ, ಪುಣೆಗೆ ತಂತಿ ಕೊಟ್ಟರು. ಬಂದವನು ಶಹಾಪೂರಕರ. ಮೂಲತಃ ನಮ್ಮ ಕಡೆಯವನೇ. ದುಂಡು ಮುಖ, ಎಣ್ಣೆ ಹಚ್ಚಿ ಬಾಚಿದ ಕೂದಲು, ಎಲ್ಲ ಮಾತಿಗೂ ಮುನ್ನ ಒಂದು ನಗು. ಬಂದವನು ಶೆಡ್ಡಿಗೆ ಹೋಗಲಿಲ್ಲ. ದಿವಾಣಖಾನೆಯಲ್ಲಿ ತೂಗುಹಾಕಿದ್ದ ಮಾಮಾನ ಫೋಟೋದ ಮುಂದೆ, ಕೈಕಟ್ಟಿಕೊಂಡು, ಎರಡು ನಿಮಿಷ ಸುಮ್ಮನೆ ನಿಂತ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಆದರೂ ಮಾಮಾನಿಗೆ ನ್ಯಾಯವಂತ ಎನಿಸಿಕೊಳ್ಳುವ ಚಪಲ. ನಾಡಿಗೇರರನ್ನೂ ಮತ್ತೆ ಕರೆಸಿದರು. “ಇಬ್ಬರನ್ನೂ ನಿಲ್ಲಿಸಿ, ಪರೀಕ್ಷಾ ಮಾಡಿ ಆರಸ್ತೀನಿ” ಎಂದರು. ಪರೀಕ್ಷೆ ಏನೆಂದರೆ, ತಾವು ವಿಮಾನ ಹಾರಿಸಿ ಇಳಿಸುವುದು. ಅದನ್ನು ನೋಡಿ ಅವರಿಬ್ಬರೂ ಅಭಿಪ್ರಾಯ ಹೇಳುವುದು. ಮಿಸ್ತ್ರಿಯನ್ನು ಆರಿಸುವವರು ಮಿಸ್ತ್ರಿಯ ಕೆಲಸ ನೋಡುತ್ತಾರೆಂದು ನಾನು ತಿಳಿದಿದ್ದೆ.

“ಹಳೇ ಸರ್ಟಿಫಿಕೇಟು ಇನ್ನೂ ಜೀವಂತ ಅದ, ಒಂದು ಸುತ್ತು ಹಾಕಬಹುದು” ಎಂದರು ಮಾಮಾ.

“ಸರ್ಟಿಫಿಕೇಟಿನ ಜೀವದ ಚಿಂತಿ ನನಗಿಲ್ಲ” ಎಂದರು ನಾಡಿಗೇರರು.

ಮಾಮಾ ಹಾರಿದರು, ಒಂದು ಸುತ್ತು ಹಾಕಿ ಇಳಿದರು. ವಿಮಾನ ನೆಲಕ್ಕೆ ಬಡಿದು ಎದ್ದಿತು, ಮತ್ತೆ ಬಡಿದು ಎದ್ದಿತು, ಮೂರನೆಯ ಸಲಕ್ಕೆ ಧೂಳಿನಲ್ಲಿ ಓಡಿ ನಿಂತಿತು. ಕೆಳಗಿಳಿದು, ಕಣ್ಣು ಅರ್ಧ ಮುಚ್ಚಿ, ತಲೆ ಓರೆ ಮಾಡಿ ನಿಂತರು.

“ಖರೆ ಹೇಳ್ರಿ, ಹ್ಯಾಂಗ ಇಳಿಸಿದೆ?”

“ನೀವು ಇಳಸಲಿಲ್ರಿ, ಒಗದ್ರಿ” ಎಂದರು ನಾಡಿಗೇರರು.

ಶಹಾಪೂರಕರ ಎರಡೂ ಕೈ ಜೋಡಿಸಿದ. “ಪುಣೆದಾಗ ಭಾಳ ಮಂದಿ ದೊಡ್ಡ ದೊಡ್ಡವರನ್ನ ನೋಡೀನ್ರಿ ಸಾಹೇಬ್ರ. ಹಿಂಗ ನೆಲಕ್ಕ ಮುತ್ತು ಕೊಟ್ಟಂಗ ಇಳಿಸಿದವರನ್ನ ನೋಡಿಲ್ರಿ.”

“ಖರೆ. ಮೂರು ಸಲ ಕೊಟ್ರು” ಎಂದರು ನಾಡಿಗೇರರು.

ಸುಧಾ ಮತ್ತು ನಾನು ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಹೊರಗೆ ಬಂತು. ಮಾಮಾ ನಮ್ಮ ಕಡೆ ನೋಡಲಿಲ್ಲ. ಶಹಾಪೂರಕರನ ಹೆಗಲ ಮೇಲೆ ಕೈಹಾಕಿ ಮನೆಗೆ ಕರೆದುಕೊಂಡು ಹೋದರು.

ನಾಡಿಗೇರರು ಊಟ ಮಾಡದೆ ಹೊರಟರು. ಹೋಗುವಾಗ ರಘುನಾಥನನ್ನು ಕರೆದರು. ರಘುನಾಥ ಬೇವೂರಿನ ಕುಲಕರ್ಣಿಯವರ ಮಗ. ಗಿರಣಿಯಲ್ಲಿ ಗುಮಾಸ್ತನಾಗಿದ್ದ. ಮಾಮಾನಿಗೆ ತಾವು ಕೆಳಗೆ ನಿಂತು ಕೈಬೀಸಬೇಕಾದ ಸಂದರ್ಭಗಳಿರುತ್ತಿದ್ದವು. ಅಂಥ ಹೊತ್ತಿಗೆ ಮೇಲೆ ಹಾರಿಸಲು ಒಬ್ಬ ಬೇಕೆಂದು ಅವನನ್ನು ಮುಂಬಯಿಗೆ ಕಳಿಸಿ ಕಲಿಸಿದ್ದರು. ಮಿತ ಮಾತಿನ ಹುಡುಗ. ವಿಮಾನದ ಹೆಸರೆತ್ತಿದರೆ ಮಾತ್ರ ಅವನ ಮುಖದಲ್ಲಿ ದೀಪ ಹಚ್ಚಿದಂತಾಗುತ್ತಿತ್ತು.

“ನೀ ಇದನ್ನ ಹಾರಸಬ್ಯಾಡ” ಎಂದರು ನಾಡಿಗೇರರು.

“ಸಾಹೇಬರು ಹೇಳಿದ್ರ ಇಲ್ಲ ಅನ್ನಲಿಕ್ಕೆ ಹ್ಯಾಂಗ ಆಗ್ತದ್ರಿ?”

“ಬಾಯಿಂದ ಆಗ್ತದ” ಎಂದು ಅವರು ಟಾಂಗಾ ಹತ್ತಿದರು. ಅವರನ್ನು ನಾನು ಮತ್ತೆ ನೋಡಲಿಲ್ಲ.

ಶಹಾಪೂರಕರ ಹತ್ತು ಹನ್ನೆರಡು ದಿವಸ ಇದ್ದ. ಮಾಮಿಯ ಹೋಳಿಗೆಯನ್ನು ಹೊಗಳಿದ, ಹಾರ್ಮೋನಿಯಂ ಕೇಳಿ ಕಣ್ಣಿಗೆ ಕರವಸ್ತ್ರ ಒತ್ತಿಕೊಂಡ. ಎಂಜಿನ್ ತೊಳೆದು, ಎಣ್ಣೆ ಬದಲಿಸಿದನೆನ್ನುವುದು ನಿಜ. ರೆಕ್ಕೆಯ ಬಟ್ಟೆ ಎರಡು ಮೂರು ಕಡೆ ಹರಿದಿತ್ತು. ಅದಕ್ಕೆ ಗುಳೇದಗುಡ್ಡದ ಮಗ್ಗದ ಬಟ್ಟೆ ತರಿಸಿ ತೇಪೆ ಹಾಕಿ ಮೇಲೆ ಬಣ್ಣ ಹೊಡೆದ. ಮಾಮಾ ಇದನ್ನು ‘ಕನ್ನಡದ ರೆಕ್ಕಿ’ ಎಂದು ಕರೆದು, ಬಂದವರಿಗೆಲ್ಲ ತೋರಿಸಿದರು. ಒಂದು ದಿನ ನಾನು ಶೆಡ್ಡಿಗೆ ಚಹಾ ಒಯ್ದಾಗ ಕೇಳಿದೆ:

“ಒಳಗಿನ ಕಟಗಿ ತಗದು ನೋಡಬೇಕು ಅಂತ ನಾಡಿಗೇರವರು ಹೇಳಿದ್ರಲ್ರಿ?”

ಅವನು ನಕ್ಕ. “ತಂಗೀ, ಕಟಗಿ ಒಳಗ ಆರಾಮ ಐತಿ. ಅದನ್ನ ಯಾಕ ಎಬ್ಬಸ್ತಿ?”

ಈ ಮಾತನ್ನು ಮಾಮಾನಿಗೆ ಹೇಳಿದೆ. ಹೇಳುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. “ಕಾಲೇಜಿಗೆ ಹೋದಕೂಡಲೇ ಎಲ್ಲಾ ತಿಳದಂಗ ಅಲ್ಲವ್ವಾ” ಎಂದು ಅಡಿಕೆ ತೆಗೆದರು. ಶಹಾಪೂರಕರ ಸಹಿ ಮಾಡಿದ. ಮಾಮಾ ಅವನಿಗೆ ಶಾಲು ಹೊದಿಸಿ ಕಳಿಸಿದರು.

ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಒಬ್ಬ ಮೂರ್ಖನ ಕತೆ. ಮೂರ್ಖರನ್ನು ನಾನು ಕ್ಷಮಿಸಬಲ್ಲೆ. ವರ್ಗದಲ್ಲಿ ಎಷ್ಟೋ ಮಂದಿಯನ್ನು ಕ್ಷಮಿಸಿದ್ದೇನೆ. ಮುಂದಿನದು ಬೇರೆ.

ಪುಷ್ಪವೃಷ್ಟಿಯ ದಿನ ಬೆಳಿಗ್ಗೆ ಗರಸು ನೆಲದ ಮೇಲೆ ಊರ ಮಂದಿ ಸೇರಿದ್ದರು. ಚೆಂಡುಹೂವಿನ ಬುಟ್ಟಿಗಳನ್ನು ವಿಮಾನದಲ್ಲಿ ಇಟ್ಟಿದ್ದರು. ರಘುನಾಥ ಮುಂದೆ ಕೂತಿದ್ದ. ಮಾಮಾ ಸಭೆಯಲ್ಲಿ ಮಾತಾಡುವವರಿದ್ದುದರಿಂದ ತಾವು ಹಾರುವುದಿಲ್ಲವೆಂದು ಹಿಂದಿನ ದಿನವೇ ಹೇಳಿದ್ದರು. ಸುಧಾ ಹೊಸ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಬುಟ್ಟಿಗಳ ನಡುವೆ ಕೂತಿದ್ದಳು. ಮಾಮಿ ಆರತಿ ಮಾಡಿದಳು. ಮಂದಿಯೆಲ್ಲ ಆರತಿ ನೋಡುತ್ತಿದ್ದಾಗ ಮಾಮಾ ಎಡ ರೆಕ್ಕೆಯ ತುದಿಗೆ ಹೋದರು. ನಾನು ಅಲ್ಲಿಯೇ ನಿಂತಿದ್ದೆ. ಅತ್ತಿತ್ತ ನೋಡಿ, ತುದಿ ಹಿಡಿದು, ಒಂದು ಸಲ ಅಳ್ಳಾಡಿಸಿದರು.

‘ಕಿರ್‍’ ಎಂದಿತು. ನನಗೆ ಕೇಳಿಸಿತು. ಅವರಿಗೂ ಕೇಳಿಸಿತು. ಅವರ ಕೈ ರೆಕ್ಕೆ ಬಿಡಲಿಲ್ಲ.

ಆಮೇಲೆ ಸೀದಾ ಬಂದು ಬಾಗಿಲು ತೆಗೆದು ಸುಧಾಳ ಕೈಹಿಡಿದರು. “ನೀ ಇಳಿ. ನಿನಗ ನೆಗಡಿ ಆಗ್ಯಾದ, ಮ್ಯಾಲೆ ಥಂಡಿ ಇರ್ತದ.”

“ನೆಗಡಿ ಎಲ್ಲೆ ಆಗ್ಯಾದ ಅಪ್ಪಾ?”

“ಇಳಿ ಅಂದ್ನೆಲ್ಲ!” ಅವಳನ್ನು ಇಳಿಸಿ, ಸುತ್ತ ನೋಡಿದರು. ಮಂದಿ ಕಾಯುತ್ತಿದ್ದರು. ಹೂ ಚೆಲ್ಲಲು ಯಾರಾದರೂ ಬೇಕಿತ್ತು. ಅವರ ಕಣ್ಣು ನನ್ನ ಮೇಲೆ ಬಿತ್ತು. “ನೀ ಹತ್ತವಾ. ಲಗೂ.”

ನಾನು ಹತ್ತಿದೆ. ಯಾಕೆ ಹತ್ತಿದೆಯೆಂದು ಬಹಳ ಮಂದಿ ಕೇಳಿದ್ದಾರೆ. ಅಷ್ಟು ಜನರ ಮುಂದೆ, ಅವರ ಮನೆಯ ಅನ್ನ ಉಣ್ಣುವ ಹುಡುಗಿ, ಹತ್ತು ಎಂದರೆ ಹತ್ತಬೇಕು. ರೆಕ್ಕೆ ಗಟ್ಟಿ ಇಲ್ಲವೆನ್ನುವುದನ್ನು ನಾನು ನಂಬಿದ್ದೆ. ಆದರೆ ಗೊತ್ತಿದ್ದೂ ಒಬ್ಬ ಮನುಷ್ಯ ಹೀಗೆ ಮಾಡಬಲ್ಲ ಎನ್ನುವುದನ್ನು ನಂಬಲು ಇನ್ನೂ ಕಲಿತಿರಲಿಲ್ಲ.

ಬಾಗಲಕೋಟೆಯ ಸಭೆಯ ಮೇಲೆ ಹೂ ಚೆಲ್ಲಿದೆವು. ಸಾವಿರಾರು ಮುಖಗಳು ಒಮ್ಮೆಲೇ ಮೇಲೆ ತಿರುಗಿದ್ದನ್ನು ಕಂಡೆ. ಗುಳೇದಗುಡ್ಡದ ಮಾಳಿಗೆಗಳ ಮೇಲೆ ನೇಕಾರ ಹೆಂಗಸರು ಮಕ್ಕಳನ್ನೆತ್ತಿಕೊಂಡು ಕೈಬೀಸಿದರು. ಮುಂದೆ ಬದಾಮಿಯ ಕೆಂಪು ಬಂಡೆಗಳು ಕಾಣತೊಡಗಿದಾಗ ಎಡಗಡೆ ಏನೋ ಸೀಳಿದಂತಾಯಿತು. ನೋಡಿದರೆ ರೆಕ್ಕೆಯ ಬಟ್ಟೆ ಸುಕ್ಕುಗಟ್ಟಿತ್ತು, ತುದಿ ಗಡಗಡ ನಡುಗುತ್ತಿತ್ತು. ರಘುನಾಥ ಹಿಂದಕ್ಕೆ ತಿರುಗದೆ ಒದರಿದ: “ತಲಿ ಬಗ್ಗಸ್ರಿ. ಬುಟ್ಟಿ ಅಪ್ಪಿ ಹಿಡೀರಿ. ನಾ ಇಳಸ್ತೀನಿ.”

ಬನಶಂಕರಿಯ ಇತ್ತಕಡೆ ಒಂದು ಎರೆಹೊಲ. ಜೋಳದ ಪೈರು ಇನ್ನೂ ಗೇಣುದ್ದ. ಅವನು ಅದರೊಳಗೆ ಇಳಿಸಿದ. ಹಸಿ ಎರೆಮಣ್ಣು ಗಾಲಿಗಳನ್ನು ಹಿಡಿದುಕೊಂಡಿತು, ವಿಮಾನ ಮೂಗು ಊರಿ ಮಗುಚಿತು. ಅದಕ್ಕೂ ಒಂದು ಕ್ಷಣ ಮೊದಲೇ ಎಡ ರೆಕ್ಕೆ ಕಿತ್ತು ಹಿಂದೆ ಬಿದ್ದಿತ್ತಂತೆ, ಹೊಲದವರು ಆಮೇಲೆ ಹೇಳಿದರು. ಇನ್ನೂ ಎತ್ತರದಲ್ಲಿದ್ದಾಗ ಕಿತ್ತಿದ್ದರೆ ಈ ಬರಹ ಬರೆಯುವವರು ಇರುತ್ತಿರಲಿಲ್ಲ. ನನ್ನ ಬಲಗಾಲು ಎರಡು ಕಡೆ ಮುರಿದಿತ್ತು. ರಘುನಾಥನ ಬಲಗೈ ಮೊಣಕೈಯಲ್ಲಿ ಪುಡಿಯಾಗಿತ್ತು. ಅದೇ ಸ್ಥಿತಿಯಲ್ಲಿ, ಎಡಗೈಯಿಂದ, ನನ್ನನ್ನು ಹೊರಗೆ ಎಳೆದು ಹಾಕಿದವನು ಅವನೇ.

ದವಾಖಾನೆಗೆ ಮಾಮಾ ಮೋಸಂಬಿ ತಂದರು. “ದೇವರು ದೊಡ್ಡಾಂವ” ಎಂದರು. ಆಮೇಲೆ ಬಾಗಿ, ಪಕ್ಕದ ಮಂಚದವರಿಗೆ ಕೇಳದಂತೆ, “ಯಾರರೆ ಕೇಳಿದ್ರ ನಿನಗೇನೂ ನೆನಪಿಲ್ಲ ಅನ್ನು. ತಲಿಗೆ ಪೆಟ್ಟು ಬಿದ್ದದ ಅಲ್ಲಾ?” ಎಂದರು.

“ಪೆಟ್ಟು ಬಿದ್ದದ್ದು ಕಾಲಿಗೆ ಮಾಮಾ.”

ಅವರು ಮೋಸಂಬಿ ಎಣಿಸತೊಡಗಿದರು.

ಕೆಲವು ವಾರಗಳ ಮೇಲೆ ವಿಚಾರಣೆಗೆ ಸರಕಾರದ ಅಧಿಕಾರಿಯೊಬ್ಬರು ಬಂದರು. ದಿವಾಣಖಾನೆಯಲ್ಲಿ ಊರ ಹಿರಿಯರನ್ನೂ ಕೂರಿಸಿಕೊಂಡಿದ್ದರು ಮಾಮಾ. ಪಟ್ಟಿ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ನಾನೊಂದು ಕುರ್ಚಿಯಲ್ಲಿ, ಕೈಗೆ ಜೋಳಿಗೆ ಕಟ್ಟಿಕೊಂಡ ರಘುನಾಥ ಇನ್ನೊಂದರಲ್ಲಿ. ನನ್ನ ತಂದೆ ಹುನಗುಂದದಿಂದ ಬಂದು ಬಾಗಿಲ ಬಳಿ ನಿಂತಿದ್ದರು. ಅಧಿಕಾರಿ ಮಾಮಾನನ್ನು ಕೇಳಿದರು, ಬದಾಮಿಯ ಕಡೆ ಹಾರಲು ಹೇಳಿದವರು ಯಾರು ಎಂದು.

ಮಾಮಾ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರನ್ನು ನಾನು ಮರೆಯಲಾರೆ. “ಮೂರೂ ಊರು ಅಂತ ಸಾರಿದ್ದು ಖರೆ, ಆದ್ರ ಆವತ್ತು ಮುಂಜಾನೆ ನಾ ಬಾಗಲಕೋಟಿ ಮ್ಯಾಲೆ ಒಂದು ಸುತ್ತು ಹಾಕಿ ಇಳೀರಿ ಅಂದಿದ್ದೆ. ಅವರಿಬ್ಬರೇ ಬದಾಮಿ ಕಡೆ ಯಾಕ ಹೋದ್ರೋ. ವಯಸ್ಸಿನ ಹುಡುಗರು. ನಾ ಹಿರಿಯ, ನನ್ನ ಬಾಯಿಂದ ಏನು ಹೇಳಲಿ?”

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಒಂದು ಮಾತಿನಲ್ಲಿ ಮಾಮಾ ರೆಕ್ಕೆಯ ತಪ್ಪನ್ನು ಕಳಚಿ ನನ್ನ ಮಾನಕ್ಕೆ ಜೋಡಿಸಿದ್ದರು. ರಘುನಾಥ ಎದ್ದು ನಿಂತ. ನಾನು ಹೇಳಿದೆ. ಬದಾಮಿಗೆ ಹೋಗಲು ಹೇಳಿದವರು, ನಾಡಿಗೇರರು ತೋರಿಸಿದ್ದು, ಶಹಾಪೂರಕರ ಮಾಡದೇ ಬಿಟ್ಟದ್ದು, ಆ ಬೆಳಿಗ್ಗೆ ನಾನು ಕೇಳಿದ ಸಪ್ಪಳ, ಎಲ್ಲ ಒಂದೊಂದಾಗಿ. ನನ್ನ ಧ್ವನಿ ನಡುಗುತ್ತಿತ್ತು. ನಡುಗುವ ಧ್ವನಿಯನ್ನು ಹಿರಿಯರು ತಮಗೆ ಬೇಕಾದಂತೆ ಅರ್ಥ ಮಾಡಿಕೊಳ್ಳುತ್ತಿದ್ದರು. ಅದು ಅವರ ಮುಖದಲ್ಲಿ ಕಾಣುತ್ತಿತ್ತು.

ಆಗ ಒಳಮನೆಯ ಪರದೆ ಸರಿಸಿಕೊಂಡು ಸುಧಾ ಬಂದಳು. ತಂದೆಯ ಎದುರಿಗೆ ಹೋಗಿ ನಿಂತಳು.

“ಬದಾಮಿಗೆ ಬ್ಯಾರೆ ಬುಟ್ಟಿ ಇಡಿಸಿದವರು ನೀವ ಅಪ್ಪಾ. ನಾ ಒಳಗ ಕೂತಿದ್ದೆ. ನೀವು ರೆಕ್ಕಿ ಅಳ್ಳಾಡಿಸಿದ್ದು ನಾನೂ ನೋಡೀನಿ. ನನಗ ನೆಗಡಿ ಆಗಿದ್ದಿಲ್ಲ. ನನ್ನ ಯಾಕ ಇಳಿಸಿದ್ರಿ?”

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. ಮಾಮಾ ಮಗಳನ್ನು ನೋಡಿದರು, ಹಿರಿಯರನ್ನು ನೋಡಿದರು, ಗೋಡೆಯ ಮೇಲಿನ ತಮ್ಮ ಫೋಟೋದ ಕಡೆಗೂ ಒಮ್ಮೆ ನೋಡಿದರು. ಕೊನೆಗೆ ಹೇಳಿದ್ದು ಇಷ್ಟು:

“ಹೆಣ್ಣು ಮಕ್ಕಳು ದಿವಾಣಖಾನಿಗೆ ಬರೂ ಪದ್ಧತಿ ನಮ್ಮ ಮನ್ಯಾಗಿಲ್ಲ.”

“ಇಕಿ ಕೂತಾಳಲ್ಲ?” ಎಂದಳು ಸುಧಾ, ನನ್ನ ಕಡೆ ಕೈ ತೋರಿಸಿ.

ಮಾಮಾನ ಕೈ ಮಗ್ಗುಲಲ್ಲಿ ತಡಕಾಡಿತು. ಅಡಿಕೆಯ ಡಬ್ಬಿ ಒಳಗಿನ ಕೋಣೆಯಲ್ಲಿತ್ತು.

ಅಧಿಕಾರಿ ಹೊಲದಲ್ಲಿ ಬಿದ್ದಿದ್ದ ರೆಕ್ಕೆಯನ್ನು ಬಿಚ್ಚಿಸಿದರು. ಕಟ್ಟಿಗೆಯ ಜೋಡಣೆಯೊಳಗೆ ಅಂಟು ಒಣಗಿ ಹಿಟ್ಟಾಗಿತ್ತು, ಬೆರಳಿಗೆ ಹತ್ತುತ್ತಿತ್ತು. ಶಹಾಪೂರಕರನ ಪರವಾನಗಿ ಹೋಯಿತು. ಮಾಮಾನಿಗೆ ಏನೂ ಆಗಲಿಲ್ಲ. ಅವರು ಮಿಸ್ತ್ರಿಯ ಸಹಿಯನ್ನು ನಂಬಿದ ಯಜಮಾನರು, ಅಷ್ಟೇ. ಮುರುಕು ವಿಮಾನವನ್ನು ಗುಜರಿಗೆ ಕೊಟ್ಟು, ಟೊಪ್ಪಿಗೆ ಕನ್ನಡಕ ಮಾತ್ರ ಇಟ್ಟುಕೊಂಡರು.

ತಂದೆ ನನ್ನನ್ನು ಹುನಗುಂದಕ್ಕೆ ಕರೆದೊಯ್ದರು. ದಾರಿಯುದ್ದಕ್ಕೂ ಕೇಳಿದ ಒಂದೇ ಪ್ರಶ್ನೆ, “ಕಾಲು ನೋಯತದೇನವಾ?” ಕಾಲು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಬಾಗಲಕೋಟೆಯಲ್ಲಿ ಅರ್ಧ ಊರು ಸುಧಾಳ ಮಾತು ನಂಬಿತು, ಅರ್ಧ ಊರು ಮಾಮಾನ ನಿಟ್ಟುಸಿರು ನಂಬಿತು. ನನ್ನನ್ನು ನೋಡಲು ಬರಬೇಕಾಗಿದ್ದ ವರನ ಕಡೆಯವರು ಎರಡನೆಯ ಅರ್ಧದವರು.

ಒಂದು ಮಧ್ಯಾಹ್ನ ರಘುನಾಥ ನಮ್ಮ ಮನೆಗೆ ಬಂದ. ಗಿರಣಿಯ ಕೆಲಸ ಬಿಟ್ಟಿದ್ದ. ಬಲಗೈ ಮಡಚುತ್ತಿರಲಿಲ್ಲ, ಇನ್ನೆಂದೂ ವಿಮಾನ ಹಾರಿಸುವಂತಿರಲಿಲ್ಲ. ನನ್ನನ್ನು ಮದುವೆಯಾಗುವುದಾಗಿ ತಂದೆಯನ್ನು ಕೇಳಿದ. “ಅಕಿನ್ನ ಕೇಳು” ಎಂದರು ತಂದೆ.

“ಕನಿಕರಾ ಬಂದು ಕೇಳ್ಲಿಕ್ಕತ್ತೀರೇನು?” ಎಂದೆ.

“ರೆ‌ಕ್ಕಿ ಹೋಗ್ಲಿಕ್ಕತ್ತಾಗ ನೀವು ಒದರಲಿಲ್ಲ” ಎಂದ. “ಒದರಿದ್ರ ನನ್ನ ಕೈ ನಡಗ್ತಿತ್ತು. ಅಂಥಾ ಮನಶಾರು ಮಗ್ಗಲದಾಗ ಇದ್ರ ಬದುಕು ಇಳಸಬಹುದು ಅನಸ್ತು.”

ಮದುವೆ ಹುನಗುಂದದಲ್ಲಿ, ಮನೆಯ ಮುಂದೆ ಹಂದರ ಹಾಕಿ. ಸುಧಾ ನನಗೆ ಇಲಕಲ್ ಸೀರೆ ಉಡಿಸಿದಳು, ಗಿಡ್ಡ ಕಾಲಿನ ಕಡೆ ನಿರಿಗೆ ಎಳೆಯದಂತೆ ಒಂದು ಬೆರಳು ಮೇಲೆತ್ತಿ. ಮಾಮಾ ಬರಲಾರರು ಎಂದುಕೊಂಡಿದ್ದೆವು. ಬಂದರು. ರೇಶ್ಮೆ ಅಂಚಿನ ಧೋತರ, ಹೆಗಲ ಮೇಲೆ ಜರಿ ಶಲ್ಯ, ಹಿಂದೆ ಮಾಮಿ. ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿ ಕೂತರು. ಅಕ್ಷತೆ ಬೀಳುವುದಕ್ಕೂ ಮೊದಲೇ ಅವರ ಧ್ವನಿ ಹಂದರದ ತುದಿಯವರೆಗೆ ಕೇಳುತ್ತಿತ್ತು: “ಈ ಲಗ್ನಾ ಕೂಡಿಸಿದಾಂವ ನಾ. ಎಲ್ಲಾರೂ ನೆಲದ ಮ್ಯಾಲೆ ಕೂಡಸ್ತಾರ, ನಾ ಆಕಾಶದಾಗ ಕೂಡಿಸಿದೆ. ಖರೆ ಹೇಳ್ರಿ, ಹಿಂಗ ಯಾರರೆ ಕೂಡಿಸ್ಯಾರೇನು?” ಜನ ನಕ್ಕರು. ಹುನಗುಂದದ ಮಂದಿಗೆ ಪೂರ್ತಿ ಸಂಗತಿ ಗೊತ್ತಿರಲಿಲ್ಲ.

ಮದುವೆಯಾದ ಮೇಲೆ ಹಿರಿಯರಿಗೆ ನಮಸ್ಕಾರ ಮಾಡುವ ಹೊತ್ತು. ನಾವಿಬ್ಬರೂ ಸಾಲಿನ ಆ ತುದಿಯಿಂದ ಬರುತ್ತಿದ್ದೆವು, ನಾನು ಕುಂಟುತ್ತ, ಅವರು ಮಡಚದ ಕೈಯನ್ನು ಮಗ್ಗುಲಿಗೆ ಒತ್ತಿಕೊಂಡು. ಮಾಮಾ ನಮ್ಮನ್ನು ಕಂಡು ಧೋತರ ಸರಿಪಡಿಸಿಕೊಂಡು, ಎರಡೂ ಪಾದಗಳನ್ನು ಜೋಡಿಸಿ ಮುಂದಕ್ಕೆ ಚಾಚಿದರು. ನಾವು ಮಾಮಿಯ ಕಾಲಿಗೆ ಬಿದ್ದೆವು. ಆಕೆ ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಎದ್ದವರು ಮಾಮಾನ ಚಾಚಿದ ಪಾದಗಳನ್ನು ಬದಿಗೆ ಬಿಟ್ಟು, ಆಚೆ ಕೂತಿದ್ದ ನನ್ನ ಸೋದರತ್ತೆಯ ಕಡೆಗೆ ಹೋದೆವು.

ನಾನು ತಿರುಗಿ ನೋಡಿದೆ. ಮಾಮಾ ಕಣ್ಣು ಅರ್ಧ ಮುಚ್ಚಿ, ಬಲಗೈ ಎತ್ತಿ, ಎದುರಿಗೆ ಯಾರೂ ಇಲ್ಲದ ನೆಲದ ಮೇಲೆ ಆಶೀರ್ವಾದ ಮಾಡುತ್ತಿದ್ದರು. “ಇರ್ಲಿ, ಇರ್ಲಿ, ಏಳ್ರಿ” ಎನ್ನುತ್ತಿದ್ದರು.